ತಿಪ್ಪೆಯ ಮೇಲೆ ಮಲಗಿಸದ ಮಗು

ನಾನು ಮನುಷ್ಯರ ಮುಖ ನೋಡುವ ಮೊದಲು ಕಿವಿ ನೋಡುತ್ತೇನೆ ಅನ್ನುವುದು ನನ್ನ ಹೆಂಡತಿಯ ದೂರು. ಮದುವೆ ಮನೆಗೆ ಹೋದರೂ ಅಷ್ಟೇ, ಬಸ್ಸಿನಲ್ಲಿ ಕೂತರೂ ಅಷ್ಟೇ. ಎದುರಿಗಿರುವ ಮಗುವಿನ ಕಿವಿಯ ಹಾಲೆ ಕೆಂಪಗಿದೆಯೇ, ಓಲೆಯ ಸುತ್ತ ಕೀವು ಕಟ್ಟಿದೆಯೇ, ಪಕ್ಕದ ಹುಡುಗನ ಮುಂಗೈಯ ಹೊಸ ಟ್ಯಾಟೂ ಊದಿಕೊಂಡಿದೆಯೇ ಅಂತ ಕಣ್ಣು ತಾನೇ ಹೋಗಿ ಕೂರುತ್ತದೆ. "ಒಂದಿನ ಯಾರಾದ್ರೂ ಕಪಾಳಕ್ಕೆ ಬಾರಿಸ್ತಾರೆ, ಆಗ ಬುದ್ಧಿ ಬರತೈತೆ ನಿಮಗೆ" ಅನ್ನುತ್ತಾಳೆ. ಆಮೇಲೆ ನನ್ನ ಮೂಗಿನ ಕಡೆ ಬೆರಳು ತೋರಿಸಿ, "ಊರೋರ ಕಿವಿ ನೋಡೋಕೆ ನೀವು ಇದೀರಿ. ನಿಮ್ಮ ಮೂಗು ನೋಡೋಕೆ ಯಾರಿದಾರೆ?" ಅಂತ ನಗುತ್ತಾಳೆ.

ನನ್ನ ಬಲ ಹೊಳ್ಳೆಯ ಮೇಲೆ ಒಂದು ಸಣ್ಣ ಗುಳಿ ಇದೆ. ಸಿಡುಬಿನ ಕಲೆ ಅಂತ ಹೊಸಬರು ತಿಳಿಯುತ್ತಾರೆ. ಅದು ಸೂಜಿಯ ಗುರುತು. ನನಗಿಂತ ಮುಂಚೆ ನಮ್ಮವ್ವನಿಗೆ ಹುಟ್ಟಿದ ಇಬ್ಬರು ಉಳಿಯಲಿಲ್ಲ. ನಮ್ಮ ಕಡೆ ಹಾಗೆ ಮಕ್ಕಳು ಹೋದ ಮನೆಯಲ್ಲಿ ಮತ್ತೆ ಒಂದು ಹುಟ್ಟಿದರೆ, ಅದನ್ನು ಮೊರದಲ್ಲಿ ಮಲಗಿಸಿ ಹಿತ್ತಲ ತಿಪ್ಪೆಯ ಮೇಲೆ ಇಟ್ಟು ಬರುತ್ತಾರೆ. ಬೇರೆ ಮನೆಯ ಹೆಂಗಸೊಬ್ಬಳು ಹೋಗಿ, ಯಾರೋ ಎಸೆದು ಹೋಗಿದ್ದಾರೆ ಅಂತ ಎತ್ತಿಕೊಂಡು ಬಂದು, ಹೆತ್ತವಳಿಗೇ ಒಂದು ಬೊಗಸೆ ತೌಡಿಗೆ ಮಾರುತ್ತಾಳೆ. ಅಲ್ಲೇ ನಿಂತು ಮೂಗು ಚುಚ್ಚಿ ತಾಮ್ರದ ತಂತಿ ಹಾಕುತ್ತಾರೆ. ಬೇಡವೆಂದು ಎಸೆದದ್ದನ್ನು, ತೌಡಿನ ಬೆಲೆಗೆ ಬಂದದ್ದನ್ನು, ಮೂಗು ಊನವಾದದ್ದನ್ನು ಜವರಾಯ ಕೂಡ ಮುಟ್ಟುವುದಿಲ್ಲ ಅಂತ ನಂಬಿಕೆ. ಚಿತ್ರದುರ್ಗದ ಪಕ್ಕದ ಮದಕರಿಪುರದಲ್ಲಿ, ಕುರಿಗೊಬ್ಬರ ತುಂಬಿದ ತಿಪ್ಪೆಯ ಮೇಲೆ, ನನ್ನನ್ನೂ ಹಾಗೆ ಮಾರಿದರು. ನಾನು ಉಳಿದೆ. ನನ್ನ ಹಿಂದೆ ಹುಟ್ಟಿದ ತಂಗಿಗೆ ಅದೆಲ್ಲ ಬೇಕಾಗಲಿಲ್ಲ.

ತಿಪ್ಪೆಯ ಮೇಲಿಂದ ಎದ್ದು ಬಂದವನೇ ಓದಿ ಆರೋಗ್ಯ ನಿರೀಕ್ಷಕನಾದೆ. ಹಿರಿಯೂರಿನಲ್ಲಿ ಕೆಲಸ. ಹೋಟೆಲಿನ ಅಡುಗೆಮನೆ, ಕಟಿಂಗ್ ಶಾಪಿನ ಬ್ಲೇಡು, ಮಾಂಸದಂಗಡಿಯ ನೊಣ, ನಿಂತ ಚರಂಡಿ ಎಲ್ಲ ನನ್ನ ಪಾಲಿಗೆ. ಕೆಲವು ವರ್ಷಗಳ ಹಿಂದೆ ಹಚ್ಚೆ ಹಾಕುವ, ಕಿವಿ ಮೂಗು ಚುಚ್ಚುವ ಅಂಗಡಿಗಳನ್ನೂ ನೋಡಿಕೊಳ್ಳಬೇಕೆಂದು ಆದೇಶವಾಯಿತು. ಲೈಸೆನ್ಸ್ ಇಲ್ಲದೆ ಅಂಗಡಿ ನಡೆಸುವಂತಿಲ್ಲ. ಗಿರಾಕಿಯ ಕಣ್ಣೆದುರೇ ಹೊಸ ಸೂಜಿ ಬಿಚ್ಚಬೇಕು, ಬಳಸಿದ್ದನ್ನು ಗಟ್ಟಿ ಡಬ್ಬಕ್ಕೆ ಹಾಕಬೇಕು. ಕೈಗವಸು ಇರಬೇಕು. ಒಬ್ಬರಿಗೆ ಬಳಸಿದ ಬಣ್ಣ ಇನ್ನೊಬ್ಬರಿಗೆ ಕೂಡದು. ಹದಿನೆಂಟು ತುಂಬದವರಿಗೆ ಹಚ್ಚೆ ಇಲ್ಲ. ಮಕ್ಕಳ ಕಿವಿಯನ್ನು ಹೆತ್ತವರ ಎದುರಿಗೇ ಚುಚ್ಚಬೇಕು, ಹಸುಗೂಸಿನ ಮೂಗಿಗೆ ಕೈ ಹಾಕಲೇಬಾರದು.

ಹೇಳುವುದು ಸುಲಭ. ಮೊಬೈಲ್ ರಿಪೇರಿ ಅಂಗಡಿಯ ಹಿಂದೆ ಪರದೆ ಕಟ್ಟಿ ಟ್ಯಾಟೂ ಹಾಕುತ್ತಿದ್ದವನೊಬ್ಬನ ಹತ್ತಿರ ಹೋದಾಗ ಒಬ್ಬ ಹುಡುಗ ಒಬ್ಬ ಹುಡುಗಿ ಕೂತಿದ್ದರು. ಹೊಸದಾಗಿ ಮದುವೆಯಾದವರು. ಅಂಗಡಿಯವನು ನನ್ನನ್ನು ನೋಡಿ ಹೆದರಿ ಎರಡನೇ ಸೂಜಿ ಬಿಚ್ಚಲು ಹೋದರೆ ಆ ಹುಡುಗ ಅವನ ಕೈ ಹಿಡಿದುಕೊಂಡ. "ಬ್ಯಾಡ ಸಾರ್, ಇಬ್ರಿಗೂ ಒಂದೇ ಸೂಜೀಲಿ ಹಾಕ್ರಿ. ಅದಕ್ಕೇ ಬಂದಿರೋದು ನಾವು" ಅಂದ. ಒಂದೇ ಸೂಜಿಯಲ್ಲಿ ಹೆಸರು ಹಾಕಿಸಿಕೊಂಡರೆ ಅಗಲುವುದಿಲ್ಲವಂತೆ. ನಾನು ಅರ್ಧ ಗಂಟೆ ಕೂತು ರಕ್ತದಿಂದ ಯಾವ ಯಾವ ರೋಗ ಬರುತ್ತವೆ ಅಂತ ಪಾಠ ಮಾಡಿದೆ. ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡಳು. ರೋಗದ ಹೆದರಿಕೆಗಲ್ಲ, ಶುಭ ಹೊತ್ತಿನಲ್ಲಿ ಅಪಶಕುನ ನುಡಿದೆ ಅಂತ. ಕೊನೆಗೆ ಎರಡು ಸೂಜಿಯಲ್ಲೇ ಹಾಕಿಸಿಕೊಂಡರು, ಆದರೆ ಹೋಗುವಾಗ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

ಇಂಥದ್ದಕ್ಕೆಲ್ಲ ನಾನು ನಗುತ್ತಿದ್ದೆ. ನಗದೇ ಹೋದದ್ದು ಒಂದಕ್ಕೆ. ಬಸ್ ಸ್ಟ್ಯಾಂಡಿನ ಹತ್ತಿರ ಯಾರೋ ಚುಚ್ಚಿದ ಕಿವಿ ಕೊಳೆತು, ಹಾಲೆಯೇ ಇಲ್ಲದಂತಾದ ಒಂದು ಹೆಣ್ಣು ಮಗುವನ್ನು ಅದರ ಅಜ್ಜಿ ಎತ್ತಿಕೊಂಡು ಬಂದು ನನ್ನ ಟೇಬಲ್ಲಿನ ಮೇಲೇ ಕೂರಿಸಿದ್ದಳು. ಮಗು ಅತ್ತೂ ಅತ್ತೂ ಸಾಕಾಗಿ ಸುಮ್ಮನಾಗಿತ್ತು. ಅವತ್ತಿನಿಂದ ನಾನು ಕಟ್ಟುನಿಟ್ಟಾದೆ. ಅಂಗಡಿಯವರು ನನಗೆ ಇಟ್ಟ ಅಡ್ಡಹೆಸರುಗಳು ಬರೆಯುವಂಥವಲ್ಲ.

ನನ್ನ ತಂಗಿಯನ್ನು ಚಿಕ್ಕಜಾಜೂರಿನ ಹತ್ತಿರದ ಹಳ್ಳಿಗೆ ಕೊಟ್ಟಿದ್ದೆವು. ಗಂಡ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸದವನು, ಮಾತು ಕಡಿಮೆ, ಒಳ್ಳೆಯವನು. ಅತ್ತೆ ಕುರಿ ಸಾಕಿ ಮನೆ ನಿಲ್ಲಿಸಿದ ಹೆಂಗಸು. ಅಪ್ಪ ಅವ್ವ ಹೋದ ಮೇಲೆ ತಂಗಿಗೆ ತವರು ಅಂದರೆ ನಾನೊಬ್ಬನೇ. ದಿನಾ ಸಂಜೆ ಫೋನ್ ಮಾಡುತ್ತಿದ್ದಳು. ಮಾತಾಡಲು ಏನೂ ಇರುತ್ತಿರಲಿಲ್ಲ. ಇವತ್ತು ಏನು ಸಾರು, ಅತ್ತಿಗೆಯ ಮಂಡಿನೋವು ಹೇಗಿದೆ, ಅವರ ಊರಿನ ಗೇಟಿನಲ್ಲಿ ಗೂಡ್ಸು ಎಷ್ಟು ಹೊತ್ತು ನಿಂತಿತ್ತು, ಇಷ್ಟೇ. "ಇಡ್ಲಾ ಅಣ್ಣ" ಅಂತ ಕೇಳಿ, ಮತ್ತೆ ಏನೋ ಜ್ಞಾಪಕ ಬಂದು, ಮತ್ತೆ ಮಾತಾಡಿ, ಮತ್ತೆ "ಇಡ್ಲಾ" ಅನ್ನುತ್ತಿದ್ದಳು. ನನಗೆ ಕೆಲವು ಸಲ ಕಿರಿಕಿರಿಯಾಗುತ್ತಿತ್ತು. ಈಗ ಆ ಹೊತ್ತಿಗೆ ಸರಿಯಾಗಿ ಮೊಬೈಲ್ ಕೈಗೆ ತೆಗೆದುಕೊಂಡು ಸುಮ್ಮನೆ ನೋಡುತ್ತೇನೆ.

ಅವಳ ಮೊದಲ ಮಗು ಹುಟ್ಟುತ್ತಲೇ ಉಸಿರಾಡಲಿಲ್ಲ. ಎರಡನೆಯದು ಬಾಣಂತನ ಮುಗಿಯುವ ಮುಂಚೆ ಜ್ವರ ಬಂದು ಹೋಯಿತು. ಮೂರನೆಯದು ಗಂಡು, ಗುಂಡಗೆ ಚೆನ್ನಾಗಿತ್ತು. ನೋಡಲು ನಾನೂ ನನ್ನ ಹೆಂಡತಿಯೂ ಹೋದಾಗ ಅತ್ತೆ ತಿಪ್ಪೆಯ ಸಿದ್ಧತೆ ಮಾಡಿಕೊಂಡಿದ್ದಳು. ಹೊಸ ಮೊರ ಗೋಡೆಗೆ ಒರಗಿಸಿತ್ತು. ಒಲೆಯ ಪಕ್ಕದಲ್ಲಿ ಒಂದು ಬಟ್ಟಲ ತುಂಬ ತೌಡು. ದಬ್ಬಳದಷ್ಟು ದಪ್ಪನೆಯ ಸೂಜಿಯನ್ನು ಅವಳು ಎಣ್ಣೆಯಲ್ಲಿ ಅದ್ದಿ ಕಿಟಕಿಯಲ್ಲಿ ಇಟ್ಟಿದ್ದಳು.

"ಇದೇನು ದೊಡ್ಡಮ್ಮ?" ಅಂದೆ.

"ಏನು ಅಂತ ನಿಂಗೆ ಹೇಳ್ಬೇಕೇನಪ್ಪ? ನಿನ್ನ ಮೂಗು ಮುಟ್ಟಿ ನೋಡ್ಕೋ" ಅಂದಳು.

ನಾನು ಮಾತಾಡತೊಡಗಿದೆ. ತಿಪ್ಪೆಯಲ್ಲಿ ಏನೇನಿರುತ್ತದೆ, ಧನುರ್ವಾಯು ಅಂದರೆ ಏನು, ಆ ಸೂಜಿ ಯಾವ ಕುರಿಯ ಕಿವಿಗೆ ಹೋಗಿ ಬಂದಿದೆ, ಹಸುಗೂಸಿನ ಮೂಗಿನ ಗಾಯ ಎಲ್ಲಿಗೆ ಮುಟ್ಟುತ್ತದೆ ಎಲ್ಲ ಹೇಳಿದೆ. ನಾನು ಹಿರಿಯೂರಿನಲ್ಲಿ ದಿನಾ ಹೇಳುವುದನ್ನೇ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ನೀನು ಉಳ್ದಿಲ್ವಾ?" ಅಂತ ಒಂದೇ ಪ್ರಶ್ನೆ ಕೇಳಿದಳು.

"ಅದು ನನ್ನ ಪುಣ್ಯ ದೊಡ್ಡಮ್ಮ. ಹಂಗೆ ಮಾಡಿದ್ರೂ ಹೋದ ಮಕ್ಕಳು ಎಷ್ಟೋ ಅವೆ. ಅವು ಬಂದು ಹೇಳ್ತಾವಾ?"

ಒಳಗೆ ಮಂಚದ ಮೇಲಿದ್ದ ತಂಗಿ ನನ್ನನ್ನೂ ಅತ್ತೆಯನ್ನೂ ನೋಡುತ್ತಿದ್ದಳು. ಅವಳಿಗೆ ಎರಡೂ ಬೇಕಿತ್ತು. ತಿಪ್ಪೆಯೂ ಬೇಕಿತ್ತು, ಅಣ್ಣನ ಮಾತೂ ಬೇಕಿತ್ತು. ಮಗು ಉಳಿಯಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ನಾನು ವಾತಾವರಣ ತಿಳಿ ಮಾಡಲು ಎದ್ದು ನಿಂತು, ಆಫೀಸಿನ ಗತ್ತಿನಲ್ಲಿ, "ನೋಡಮ್ಮ, ಲೈಸೆನ್ಸ್ ಇಲ್ದೆ ತಿಪ್ಪೆ ಮೇಲೆ ಮೂಗು ಚುಚ್ಚಿದ್ರೆ ಈ ಮನೆಗೇ ನೋಟಿಸ್ ಕೊಡ್ತೀನಿ" ಅಂದೆ. ಎಲ್ಲರೂ ನಕ್ಕರು. ತಂಗಿಯ ಗಂಡ ಕೂಡ ನಕ್ಕ. ತಂಗಿ ಮಗುವಿನ ನೆತ್ತಿಗೆ ಕೆನ್ನೆ ಇಟ್ಟುಕೊಂಡು, "ಅಣ್ಣ ಹೇಳ್ದಂಗೇ ಆಗ್ಲಿ ಬಿಡು ಅತ್ತೆ" ಅಂದಳು. ಅತ್ತೆ ಮೊರವನ್ನು ಎತ್ತಿ ಅಟ್ಟದ ಮೇಲೆ ಹಾಕಿದಳು.

ಮಗುವಿಗೆ ಕತ್ತು ನಿಂತ ಮೇಲೆ ಕಿವಿ ಚುಚ್ಚಿಸಲು ಎಲ್ಲರನ್ನೂ ಹಿರಿಯೂರಿಗೇ ಕರೆಸಿಕೊಂಡೆ. ನಮ್ಮ ಊರಿನಲ್ಲಿ ಮೊಟ್ಟಮೊದಲು ಲೈಸೆನ್ಸ್ ಪಡೆದ ಅಂಗಡಿಗೆ ಕರೆದುಕೊಂಡು ಹೋದೆ. ಬಿಳಿ ಟೈಲ್ಸ್, ಕೈ ತೊಳೆಯಲು ನಲ್ಲಿ, ಗೋಡೆಗೆ ನಮ್ಮ ನಿಯಮಗಳ ಬೋರ್ಡು. ಆ ಅಂಗಡಿ ಆ ಸ್ಥಿತಿಗೆ ಬಂದದ್ದು ನನ್ನ ಕಾಟದಿಂದಲೇ, ಹಾಗಾಗಿ ನನಗೆ ಅದರ ಮೇಲೆ ಸ್ವಂತ ಮನೆಯಷ್ಟು ಜಂಬ. ಸೋದರಮಾವನ ತೊಡೆಯ ಮೇಲೆ ಕೂರಿಸಿ ಚುಚ್ಚಬೇಕು, ಅದೂ ಆಯಿತು. ಮಗು ನನ್ನ ತೊಡೆಯ ಮೇಲೆ ಬೆಚ್ಚಗೆ ಕೂತಿತ್ತು. ನಾನು ತಂದಿದ್ದ ಚಿನ್ನದ ಮುರುವುಗಳನ್ನು ಅಂಗಡಿಯವನು ಕುದಿಸಿ ತೆಗೆದ. ಪೊಟ್ಟಣ ಹರಿದು ಸೂಜಿ ತೋರಿಸಿದ. ಮೊದಲ ಕಿವಿಗೆ ಮಗು ಬೆರಗಾಯಿತು, ಎರಡನೆಯದಕ್ಕೆ ಕಿರುಚಿ, ನನ್ನ ಅಂಗಿ ಒದ್ದೆ ಮಾಡಿತು. ತಂಗಿ ಬಿದ್ದು ಬಿದ್ದು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನೋಡಿ ಎಷ್ಟೋ ವರ್ಷವಾಗಿತ್ತು. ಅಂಗಿ ಬದಲಾಯಿಸದೆಯೇ ಅವತ್ತೆಲ್ಲ ಓಡಾಡಿದೆ.

ಅತ್ತೆ ಮಾತ್ರ ಬಾಗಿಲ ಹತ್ತಿರವೇ ನಿಂತಿದ್ದಳು. "ಮೂಗು?" ಅಂದಳು.

"ಮೂಗು ಮಾಡಂಗಿಲ್ಲ ದೊಡ್ಡಮ್ಮ. ಬೋರ್ಡ್ ನೋಡ್ರಿ" ಅಂದೆ.

ಅವಳಿಗೆ ಓದಲು ಬರುವುದಿಲ್ಲ. ಆದರೂ ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿದಳು. "ಕಿವಿ ಎಲ್ರೂ ಚುಚ್ಚುಸ್ತಾರಪ್ಪ. ಕಿವಿ ಚಂದಕ್ಕೆ. ಮೂಗು ಉಳಿಯಾಕೆ" ಅಂದಳು. ಜಗಳಕ್ಕೆ ಅಂದದ್ದಲ್ಲ. ನನಗೆ ಗೊತ್ತಿರಲಿ ಅಂತ ಹೇಳಿದ ಹಾಗಿತ್ತು.

ಆಮೇಲೆ ದಿನಾ ಸಂಜೆಯ ಫೋನಿನಲ್ಲಿ ಕಿವಿಯದೇ ಸುದ್ದಿ. ಕಾಯಿಸಿ ಆರಿಸಿದ ಉಪ್ಪುನೀರಲ್ಲಿ ಒರೆಸಿದೆ ಅಣ್ಣ, ಮುರುವು ತಿರುಗಿಸಲಿಲ್ಲ ಅಣ್ಣ, ಎಣ್ಣೆ ಹಚ್ಚೋಕೆ ಬಿಡಲಿಲ್ಲ ಅಣ್ಣ. ವಿಡಿಯೋ ಕಾಲಿನಲ್ಲಿ ಮಗುವಿನ ಮುಖಕ್ಕಿಂತ ಮೊದಲು ಕಿವಿ ತೋರಿಸುತ್ತಿದ್ದಳು. "ಮುಖ ತೋರ್ಸೇ ಲೇ, ನನ್ನ ಅಳಿಯನ್ನ ನೋಡ್ತೀನಿ" ಅಂದರೆ, "ಮೊದ್ಲು ಇನ್‌ಸ್ಪೆಕ್ಷನ್ ಮುಗೀಲಿ" ಅನ್ನುತ್ತಿದ್ದಳು.

ಮಗು ತೆವಳುವ ಹೊತ್ತಿಗೆ ಕೆಮ್ಮು ಹಿಡಿಯಿತು. ಎರಡು ದಿನ ಊರಿನ ಔಷಧಿ, ಆಮೇಲೆ ಹೊಳಲ್ಕೆರೆ, ಅಲ್ಲಿಂದ ಚಿತ್ರದುರ್ಗ. ನಾನು ಹೋಗುವಷ್ಟರಲ್ಲಿ ಮೂಗಿಗೆ ನಳಿಗೆ ಹಾಕಿದ್ದರು. ಹೃದಯದ ಕವಾಟ ಹುಟ್ಟಿನಿಂದಲೇ ಸರಿಯಿಲ್ಲ, ಎದೆಗೆ ಕಫ ಕಟ್ಟಿದ್ದನ್ನು ಅದು ತಡೆಯಲಾರದು ಅಂತ ಡಾಕ್ಟರು ಹೇಳಿದರು. ಮೊದಲಿನ ಇಬ್ಬರಿಗೂ ಇದೇ ಇದ್ದಿರಬಹುದು ಅಂದರು. ನಾನು ಬುದ್ಧಿವಂತನ ಹಾಗೆ ತಲೆಯಾಡಿಸಿದೆ. ತಂಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಡಾಕ್ಟರ ಮಾತು ಅರ್ಥವಾಗದಿದ್ದರೆ ಅಣ್ಣ ಬಿಡಿಸಿ ಹೇಳುತ್ತಾನೆ ಅನ್ನುವ ಅಭ್ಯಾಸ ಅವಳಿಗೆ. ನಾನು ಔಷಧಿಯ ಚೀಟಿ ತೆಗೆದುಕೊಂಡು ಹೊರಗೆ ಹೋದೆ. ಮಾರನೆಯ ದಿನ ಬೆಳಗ್ಗೆ ಮಗು ಹೋಯಿತು.

ಅವರ ಹೊಲದ ಅಂಚಿನಲ್ಲಿ ಮಣ್ಣು ಮಾಡಿದರು. ಮಣ್ಣಿಗೆ ಚಿನ್ನ ಹೋಗಬಾರದು, ಮುರುವು ಬಿಚ್ಚಿ ಅಂದರು ಯಾರೋ. ಹಾಕಿದವನೇ ತೆಗೆಯಲಿ ಅಂದರು ಇನ್ಯಾರೋ. ನಾನು ಮತ್ತೆ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅಷ್ಟು ಸಣ್ಣ ತಿರುಪು, ಬೆರಳಿಗೆ ಸಿಗುತ್ತಿರಲಿಲ್ಲ. ಕಣ್ಣಿಗೆ ನೀರು ತುಂಬಿ ಬರುತ್ತಿತ್ತು. ಬಿಚ್ಚಿದ ಮೇಲೆ ನೋಡಿದೆ. ನೋಡಬಾರದಿತ್ತು, ಆದರೆ ನನ್ನ ಹಾಳು ಕಣ್ಣು, ಅಲ್ಲಿಗೇ ಹೋಯಿತು. ಎರಡೂ ಕಿವಿ ಎಷ್ಟು ಚೆನ್ನಾಗಿ ಒಣಗಿದ್ದವು. ಒಂದು ಚೂರು ಕೆಂಪಿಲ್ಲ, ಗಂಟಿಲ್ಲ. ನಮ್ಮ ಬೋರ್ಡಿನಲ್ಲಿ ಬರೆದ ಹಾಗೆ, ನನ್ನ ತಂಗಿ ಒಂದು ದಿನವೂ ತಪ್ಪಿಸದೆ ನೋಡಿಕೊಂಡಿದ್ದಳು. ಅಷ್ಟು ಜನರ ಮಧ್ಯೆ ನಾನು ಗೊಳೋ ಅಂತ ಅತ್ತುಬಿಟ್ಟೆ.

ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಬಸ್ಸಿಗೆ ಹೊರಟಾಗ ಅತ್ತೆ ಅಟ್ಟದಿಂದ ಆ ಮೊರ ತೆಗೆದು, ಅಕ್ಕಿ ಹಾಕಿಕೊಂಡು ಕೇರಲು ಕೂತಳು. ಮನೆಗೆ ಬಂದವರಿಗೆಲ್ಲ ಅನ್ನಕ್ಕಿಡಬೇಕಿತ್ತಲ್ಲ. ತಂಗಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. "ಹೋಗ್ಬರ್ತೀನಮ್ಮ" ಅಂದೆ. ಅವಳು ತಿರುಗಲಿಲ್ಲ.

ಸಂಜೆಯ ಫೋನ್ ನಿಂತಿತು. ನಾನು ಮಾಡಿದರೆ ಅವಳ ಗಂಡ ಎತ್ತಿ, "ಮಲಗ್ಯಾಳೆ ಭಾವ" ಅನ್ನುತ್ತಿದ್ದ. ಹಬ್ಬಕ್ಕೆ ಕರೆಯಲು ಹೋದೆ. ಮೈ ಹುಷಾರಿಲ್ಲ ಅಂದಳು. ಸೀರೆ ಕೊಟ್ಟರೆ ತೆಗೆದುಕೊಂಡಳು, ಮಡಿಕೆ ಬಿಚ್ಚಿ ನೋಡಲಿಲ್ಲ. ಅವಳಿಗೆ ನನ್ನ ಮೇಲೆ ಸಿಟ್ಟಿದ್ದರೆ ಎದುರಿಸಬಹುದಿತ್ತು. ಸಿಟ್ಟು ಇರಲಿಲ್ಲ. ಅವಳಿಗೆ ನನ್ನ ಕಂಡರೆ ಭಯವಾಗುತ್ತಿತ್ತು ಅಂತ ನನಗೆ ತಿಳಿಯಲು ತಡವಾಯಿತು.

ನಾನು ಮಾಡಿದ್ದು ತಪ್ಪಲ್ಲ. ಇದನ್ನು ನಾನು ಎಷ್ಟು ಸಲ ತಿರುಗಿಸಿ ಹಾಕಿ ನೋಡಿದ್ದೇನೋ. ತಿಪ್ಪೆಯ ಮೇಲೆ ಮಲಗಿಸಿ ದಬ್ಬಳ ಚುಚ್ಚಿದ್ದರೆ ಆ ಕವಾಟ ಸರಿಹೋಗುತ್ತಿತ್ತೇ? ಇಲ್ಲ. ನಾಳೆ ಬೇರೆ ಯಾರದೋ ಮಗುವನ್ನು ತಂದರೂ ಇದನ್ನೇ ಹೇಳುತ್ತೇನೆ, ಹೇಳುತ್ತಲೂ ಇದ್ದೇನೆ. ತಪ್ಪು ಮಾಡಿದ್ದರೆ ತಂಗಿಯ ಕಾಲು ಹಿಡಿದು ಕ್ಷಮಿಸು ಅನ್ನಬಹುದಿತ್ತು. ಸರಿ ಮಾಡಿದವನು ಏನಂತ ಕೇಳಬೇಕು? ಬೆಳಗ್ಗೆ ಕನ್ನಡಿಯ ಮುಂದೆ ಗಡ್ಡ ಹೆರೆಯುವಾಗ ಮೂಗಿನ ಗುಳಿ ಕಾಣುತ್ತದೆ. ಉಳಿದಿದ್ದೀಯಲ್ಲ, ಅಂತ ನನಗೆ ನಾನೇ ಬೈದುಕೊಳ್ಳುತ್ತೇನೆ.

ಅವಳಿಗೆ ಮತ್ತೆ ಮಗುವಾದದ್ದು ನನಗೆ ಬಸ್ಸಿನಲ್ಲಿ ಗೊತ್ತಾಯಿತು. ಅವರ ಊರಿನವರೊಬ್ಬರು ಸಿಕ್ಕಿ, "ಹೆಣ್ಣು ಮಗು, ಲಕ್ಷಣವಾಗೈತೆ. ನೀವು ತೊಟ್ಟಿಲಿಗೂ ಬರಲಿಲ್ಲ, ಕಿವಿ ಚುಚ್ಚಾಕೂ ಬರಲಿಲ್ಲ, ಯಾಕ್ರಿ?" ಅಂದರು. ಡ್ಯೂಟಿ ಇತ್ತು ಅಂದೆ. ಸೋದರಮಾವನಿಲ್ಲದೆ ತೊಟ್ಟಿಲು ತೂಗಿದರು, ಸೋದರಮಾವನಿಲ್ಲದೆ ಕಿವಿ ಚುಚ್ಚಿದರು. ಯಾರ ತೊಡೆಯ ಮೇಲೆ ಕೂರಿಸಿದರೋ. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು, "ನಂಗೆ ಗೊತ್ತಿತ್ತು. ಹೇಳಬ್ಯಾಡ್ರಿ ಅಂದಿದ್ಳು" ಅಂದಳು.

ಹಾಗಾದರೆ ಒಂದೇ ಒಂದು ಪ್ರಶ್ನೆ ಅಂದೆ. "ಡಾಕ್ಟರಿಗೆ ತೋರ್ಸಿದಾರಾ? ಎದೆ ನೋಡ್ಸಿದಾರಾ?"

"ನೋಡ್ಸಿದಾರೆ. ಇದಕ್ಕೆ ಏನೂ ಇಲ್ವಂತೆ. ಚೆನ್ನಾಗೈತಂತೆ."

ಅಷ್ಟು ಸಾಕಾಗಿತ್ತು. ಸಾಕಾಗಿತ್ತು ಅಂತ ಅಂದುಕೊಂಡೆ.

ಮೊನ್ನೆ ಹೆಂಡತಿ, "ಹಾಲುರಾಮೇಶ್ವರಕ್ಕೆ ಹೋಗಿ ಬರಾಣ" ಅಂದಳು. ಮಕ್ಕಳಿಗಾಗಿ ಹರಕೆ ಹೊತ್ತವರು ಹೆಚ್ಚಾಗಿ ಬರುವ ಜಾಗ ಅದು. ನನಗೆ ಆಗಲೇ ಹೊಳೆಯಬೇಕಿತ್ತು. ಹೊಸದುರ್ಗದಲ್ಲಿ ಬಸ್ ಬದಲಿಸಿ ಹೋದೆವು. ದೇವಸ್ಥಾನದ ಹೊರಗೆ ಮರದ ನೆರಳಲ್ಲಿ ಅತ್ತೆ ಬುತ್ತಿ ಬಿಚ್ಚುತ್ತಿದ್ದಳು. ನನ್ನನ್ನು ಕಂಡು ಗಡಬಡಿಸಿ ಎದ್ದು, "ಬರ್ರಿ, ಬರ್ರಿ, ಕುಂತ್ಕಳ್ರಿ" ಅಂದಳು. ಮುಂಚೆ ಏಕವಚನದಲ್ಲಿ ಮಾತಾಡುತ್ತಿದ್ದವಳು. ಅವಳ ಹಿಂದೆ ತಂಗಿ, ಸೊಂಟದ ಮೇಲೆ ಮಗು.

ತಂಗಿ ತೆಳ್ಳಗಾಗಿದ್ದಳು, ಹಣೆಯ ಮೇಲೆ ಒಂದೆರಡು ಬಿಳಿ ಕೂದಲು. ಇದನ್ನೆಲ್ಲ ನಾನು ಆಮೇಲೆ ನೋಡಿದ್ದು. ಮೊದಲು ನನ್ನ ಕಣ್ಣು ಎಲ್ಲಿಗೆ ಹೋಯಿತು ಅಂತ ಹೇಳಬೇಕಿಲ್ಲ. ಅವಳಿಗೂ ಗೊತ್ತಿತ್ತು. ನಾನು ನೋಡುವ ಮುಂಚೆಯೇ ಸೆರಗು ಎಳೆದು ಮಗುವಿನ ಮೂಗು ಬಾಯಿ ಮುಚ್ಚಿಬಿಟ್ಟಳು. ಮಗು ಉಸಿರು ಕಟ್ಟಿದಂತಾಗಿ ಕೊಸರಿ, ಸೆರಗನ್ನು ಎಳೆದು ಹಾಕಿ ನನ್ನನ್ನೇ ನೋಡಿತು. ಬಲ ಹೊಳ್ಳೆಯಲ್ಲಿ ತಾಮ್ರದ ಎಳೆ. ಸುತ್ತ ಊತವಿಲ್ಲ, ಕೆಂಪಿಲ್ಲ. ಚೆನ್ನಾಗಿ ಒಣಗಿತ್ತು.

ಅದನ್ನೇ ಹೇಳಲು ಬಾಯಿ ತೆರೆದೆ. ಚೆನ್ನಾಗಿ ಒಣಗೈತೆ ಕಣಮ್ಮ, ಚೆನ್ನಾಗಿ ನೋಡ್ಕೊಂಡಿದೀಯ ಅನ್ನಬೇಕೆಂದಿದ್ದೆ. ಎತ್ತಿಕೊಳ್ಳಲು ಎರಡೂ ಕೈ ಚಾಚಿದೆ. ಅವಳು ಮಗುವನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡು ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

"ನೋಟಿಸ್ ಕೊಡಬ್ಯಾಡಣ್ಣ" ಅಂದಳು. ತಮಾಷೆಗೆ ಅಂದಳೇನೋ ಅಂತ ಅವಳ ಮುಖ ನೋಡಿದೆ. ತಮಾಷೆಯಾಗಿರಲಿಲ್ಲ. "ಇದೊಂದು ಇರ್ಲಿ."

"ಇರ್ಲಿ ಕಣಮ್ಮ" ಅಂದೆ. ದೇವಸ್ಥಾನದ ಗಂಟೆ ಬಾರಿಸುತ್ತಿತ್ತು, ಅವಳಿಗೆ ಕೇಳಿಸಿತೋ ಇಲ್ಲವೋ. ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಜನರ ನಡುವೆ ಹೊರಟುಹೋದಳು. ಚಾಚಿದ ಕೈ ಮಡಚಿಕೊಂಡು ನಾನು ಅಲ್ಲೇ ನಿಂತಿದ್ದೆ.